ನಾನು ಮುಚ್ಚಿದ ತೂತು

ಕಬ್ಬಿಣ ಬಲ್ಲವನು ದೆವ್ವ ನಂಬುವುದಿಲ್ಲ ಎಂದು ನಾನು ಬಹಳ ಮಂದಿಯ ಮುಂದೆ ಹೇಳಿದ್ದೇನೆ. ಕಾಯಿಸಿದರೆ ಮೆತ್ತಗಾಗುತ್ತದೆ, ಕೆಂಪಗಿದ್ದಾಗ ನೀರಿಗೆ ಹಾಕಿದರೆ ಬಿರುಸಾಗುತ್ತದೆ, ಬಿಟ್ಟರೆ ತುಕ್ಕು ಹಿಡಿಯುತ್ತದೆ. ಅದರ ಗುಣ ಇಷ್ಟೇ. ಹಳೆಯ ಕತ್ತಿಯಲ್ಲಿ ಯಾರೋ ಇದ್ದಾರೆ, ಹಳೆಯ ಟೊಪ್ಪಿಗೆಯಲ್ಲಿ ಯಾರೋ ಉಸಿರಾಡುತ್ತಾರೆ ಎನ್ನುವವರನ್ನು ನಾನು ಎದುರಿಗೇ ಹಾಸ್ಯ ಮಾಡುತ್ತಿದ್ದೆ. ಹಾಸ್ಯ ಅಂದರೆ ಸಣ್ಣ ಮಾತಾಯಿತು. ಅವರ ಕಣ್ಣಲ್ಲಿ ನೀರು ಬರುವ ತನಕ ಬಿಡುತ್ತಿರಲಿಲ್ಲ. ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ಬೇಜಾರು ಮಾಡಿಕೊಳ್ಳುವ ಹಕ್ಕು ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ಓದಿದ್ದು ನಾಲ್ಕನೆಯ ಇಯತ್ತೆ, ಅದೂ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡ ಅಕ್ಷರಗಳನ್ನು ಆಮೇಲೆ ಭಟ್ಟಿಯ ಮುಂದೆ ಕೂತು ನಾನೇ ಕಲಿತೆ. ನಮ್ಮದು ಒಕ್ಕಲುತನದ ಮನೆ. ಕೊರಳಲ್ಲಿ ಲಿಂಗ, ಕೈಯಲ್ಲಿ ಸುತ್ತಿಗೆ ಎಂದು ನೆಂಟರು ನಗುತ್ತಿದ್ದರು. ನಕ್ಕವರ ಕಬ್ಬಿನ ಗಾಣಗಳನ್ನು ಕಡೆಗೆ ರಿಪೇರಿ ಮಾಡಿಕೊಟ್ಟವನು ನಾನೇ. ಉಮರಗಾದಲ್ಲಿ ಅಂಗಡಿ, ಸುಗ್ಗಿಯಲ್ಲಿ ಮುರುಮ್ ಎಂಬ ಊರಿನಲ್ಲಿ ಬಿಡಾರ. ಯಾರ ಕೈಕೆಳಗೂ ಕಲಿಯಲಿಲ್ಲ, ಯಾರ ಮುಂದೆಯೂ ಕೈ ಚಾಚಲಿಲ್ಲ. ಈ ಸೊಕ್ಕು ಈಗಲೂ ಇದೆ, ಮುಚ್ಚಿಡುವುದಿಲ್ಲ.

ಹಳೆಯ ಕಾಲದ ಯುದ್ಧದ ಅಂಗಿಗಳ ಹುಚ್ಚು ನನಗೆ ಹಿಡಿದದ್ದು ಪೋಲೀಸ್ ಆಕ್ಷನ್ ಆದಮೇಲೆ. ಆಯುಧಗಳನ್ನೆಲ್ಲ ತಂದು ಒಪ್ಪಿಸಬೇಕು ಎಂದು ಡಂಗುರ ಹೊಡೆದಾಗ ಹಳೆಯ ಮನೆತನದವರು ಹೆದರಿ ಕತ್ತಿ, ಢಾಲು, ಎದೆಗೆ ಕಟ್ಟುವ ತಗಡು ಎಲ್ಲವನ್ನೂ ಬಾವಿಗೆ ಎಸೆದರು, ಇಲ್ಲವೇ ಗುಜರಿ ಕೊಳ್ಳುವ ಮೋಡಕಾದವರಿಗೆ ತೂಗಿ ಕೊಟ್ಟರು. ಉದಗೀರದಲ್ಲಿ ಒಬ್ಬ ಮುದುಕಿ ಕಬ್ಬಿಣದ ಶಿರಸ್ತ್ರಾಣ ಒಂದನ್ನು ಅಂಗಾತ ಇಟ್ಟು ಕೋಳಿಗಳಿಗೆ ನೀರಿಟ್ಟಿದ್ದಳು. ಅವಳ ಗಂಡ ಕಿಲ್ಲೆಯ ಕಾವಲಿನವನು, ಆ ಗದ್ದಲದಲ್ಲಿ ಹೋದವನು ತಿರುಗಿ ಬಂದಿರಲಿಲ್ಲ. ಇದು ಮನೆಯಲ್ಲಿ ಸಿಕ್ಕರೆ ನಿನ್ನ ಮಗನನ್ನೂ ಒಯ್ಯುತ್ತಾರೆ ಎಂದು ಹೆದರಿಸಿದೆ. ಬೇಗ ತೆಗೆದುಕೊಂಡು ಹೋಗು ಎಂದು ಅವಳೇ ನನ್ನ ಕಾಲು ಹಿಡಿದಳು. ಮುಂದೆ ಇನ್ನೂ ಎಷ್ಟೋ ಮನೆಗಳಲ್ಲಿ ಇದೇ ಮಾತು ಉಪಯೋಗಕ್ಕೆ ಬಂತು. ರಾತ್ರಿ ನನಗೆ ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದದ್ದು ಬಖ್ತರ. ಸಣ್ಣ ಸಣ್ಣ ಕಬ್ಬಿಣದ ಉಂಗುರಗಳನ್ನು ಒಂದರೊಳಗೊಂದು ಸೇರಿಸಿ ಬಟ್ಟೆಯಂತೆ ಹೆಣೆದ ಅಂಗಿ ಅದು. ಒಂದೊಂದು ಉಂಗುರ ಸುತ್ತಲಿನ ನಾಲ್ಕನ್ನು ಹಿಡಿದಿರುತ್ತದೆ, ಒಂದೊಂದರ ಬಾಯಿಗೂ ಸಾಸಿವೆ ಕಾಳಿನಷ್ಟು ರಿವೀಟು. ಹೇಗೆ ಮಾಡುತ್ತಿದ್ದರೆಂದು ಹೇಳುವವರು ಯಾರೂ ಉಳಿದಿರಲಿಲ್ಲ. ಮಳೆಗಾಲ ಮುಗಿದಮೇಲೆ ಉದಗೀರ ಕಿಲ್ಲೆಯ ಕಂದಕದ ಮಣ್ಣು ಸೋಸಿ ಬಿಡಿ ಉಂಗುರಗಳನ್ನು ಹೆಕ್ಕಿ ತರುತ್ತಿದ್ದೆ. ಅವನ್ನು ಬಿಚ್ಚಿ, ಅರದಿಂದ ಉಜ್ಜಿ, ಮುರಿದು ನೋಡಿ ಕಲಿತೆ. ತಂತಿಯನ್ನು ಕುಳ್ಳಿನ ಬೆಂಕಿಯಲ್ಲಿಟ್ಟು ಮೆತ್ತಗೆ ಮಾಡಬೇಕು, ಸಲಾಕೆಗೆ ಸುತ್ತಿ ಕತ್ತರಿಸಬೇಕು, ತುದಿಗಳನ್ನು ಒಂದರ ಮೇಲೊಂದು ತಂದು ಚಪ್ಪಟೆ ಮಾಡಿ ತೂತು ಕೊರೆದು ರಿವೀಟು ಬಡಿಯಬೇಕು. ದಿನದ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಮಾಡುತ್ತ ಮೂರು ವರ್ಷಕ್ಕೆ ಒಂದು ತೋಳು ಮುಗಿಯಿತು. ರಿವೀಟು ಬಡಿಯುವ ಉಳಿಯ ತುದಿಗೆ ಒಂದು ಗೀರು ಹಾಕಿಟ್ಟಿದ್ದೆ. ನನ್ನ ಪ್ರತಿಯೊಂದು ರಿವೀಟಿನ ತಲೆಯ ಮೇಲೂ ಕೂದಲೆಳೆಯಷ್ಟು ಗೆರೆ ಮೂಡುತ್ತಿತ್ತು. ಬೇರೆಯವರ ಕಣ್ಣಿಗೆ ಬೀಳದು. ನನಗೆ ಬೆರಳಿನಿಂದಲೇ ಗೊತ್ತಾಗುತ್ತಿತ್ತು.

ಕಾಸಾರಶಿರಸಿಯಿಂದ ಒಂದು ಹರದಾರಿ ಆಚೆಗೆ, ಕುರಿ ಸಾಕುವ, ಬೀರಪ್ಪ ದೇವರ ಒಕ್ಕಲಿನವರ ಮನೆಯೊಂದರಲ್ಲಿ ಪೂರಾ ಬಖ್ತರ ಇದೆ ಎಂದು ಬಜಾರದಲ್ಲಿ ಕೇಳಿ ಹೋದೆ. ಮನೆಯ ಯಜಮಾನ ಜಟ್ಟೆಪ್ಪ, ಎರಡೂ ಕಣ್ಣಿಗೆ ಪೊರೆ ಬಂದ ಮುದುಕ. ಒಬ್ಬನೇ ಮಗ ಮಾಳಪ್ಪ, ಇಪ್ಪತ್ತೈದರ ಗಟ್ಟಿ ಆಳು. ಸೊಸೆ ನೀಲಮ್ಮ. ಅಂಗಿಯನ್ನು ದೇವರ ಜಗಲಿಯ ಮೇಲೆ ಹಸಿ ಉಣ್ಣೆಯಲ್ಲಿ ಸುತ್ತಿ ಇಟ್ಟಿದ್ದರು. ಉಣ್ಣೆಯ ಜಿಡ್ಡಿನಿಂದ ಒಂದು ಚುಕ್ಕೆ ತುಕ್ಕಿರಲಿಲ್ಲ. ಉದಗೀರದ ಕಡೆ ಯಾವುದೋ ಕಾಳಗದಲ್ಲಿ ಅವರ ಹಿರಿಯನೊಬ್ಬ ಅದನ್ನು ತೊಟ್ಟೇ ಸತ್ತನಂತೆ. ಎಡಗೈಯ ಕೆಳಗೆ, ಪಕ್ಕೆಯ ನೇರಕ್ಕೆ, ಭರ್ಚಿ ಹೊಕ್ಕ ತೂತಿತ್ತು. ನಾಲ್ಕು ಬೆರಳು ಆರಾಮ ಹೋಗುವಷ್ಟು.

ಆ ಮನೆಯವರದೊಂದು ಪದ್ಧತಿ. ದೀಪಾವಳಿ ಪಾಡ್ಯದ ಬೆಳಿಗ್ಗೆ ಮನೆಯ ಮಗ ಬರಿ ಮೈಮೇಲೆ ಆ ಅಂಗಿ ತೊಟ್ಟು ಕುರಿದೊಡ್ಡಿಯನ್ನು ಮೂರು ಸುತ್ತು ಬರುತ್ತಾನೆ. ಆ ಹೊತ್ತಿನ ಮಟ್ಟಿಗೆ ಸತ್ತ ಮುತ್ಯಾ ಅಂಗಿಯೊಳಗೆ ಬಂದು ಕುರಿಗಳನ್ನು ನೋಡಿ ಹೋಗುತ್ತಾನೆ. ಸುತ್ತು ಮುಗಿದಮೇಲೆ ತಂದೆಯಾದವನು ಆ ತೂತಿನಲ್ಲಿ ಬೆರಳು ಹಾಕಿ, ಮಗನ ಪಕ್ಕೆ ಮುಟ್ಟಿ, "ಮುತ್ಯಾ, ಹೊರಗ ಬಾ, ನಮ್ಮ ಕೂಸಿನ ಬಿಡು" ಎಂದು ಕರೆಯಬೇಕು. ಆಮೇಲೆಯೇ ಅಂಗಿ ತೆಗೆಯುವುದು.

"ಅಂವನ ಜೀವ ಹೋದ ಬಾಗ್ಲ ಅದ ಅದು, ಮಿಸ್ತ್ರೀ," ಎಂದ ಜಟ್ಟೆಪ್ಪ. "ಬಂದಾಂವ ಅಲ್ಲಿಂದಾನೇ ಹೋಗ್ಬೇಕು."

"ಕೊರಳ ಕಡಿಂದ ಯಾಕ ಹೋಗಬಾರ್ದು ಕಾಕಾ? ಅದು ಇನ್ನಾ ದೊಡ್ಡ ಬಾಗ್ಲ ಅದಲಾ."

ಮಾಳಪ್ಪನೂ ನಕ್ಕ. ಮುದುಕ ನಗಲಿಲ್ಲ. "ಅದು ಜೀವಂತ ಇದ್ದೋರ ಬಾಗ್ಲ," ಎಂದ.

ಮಾರುವುದಿಲ್ಲ ಎಂದರು. ಹೆದರಿಸಿ ನೋಡಿದೆ, ನಡೆಯಲಿಲ್ಲ. ಕಡೆಗೆ ಅಳತೆ ತೆಗೆದು, ನೋಡಿ ಕಲಿತು ಕೊಡುತ್ತೇನೆ ಎಂದು ಒಂದು ತಿಂಗಳ ಮಟ್ಟಿಗೆ ಕೇಳಿದೆ. ಮುದುಕ ಒಪ್ಪದಿದ್ದರೂ ಮಾಳಪ್ಪ ನನ್ನ ಪರವಾಗಿ ನಿಂತ. ಮುರುಮಿನಲ್ಲಿ ನನ್ನ ಕೆಲಸ ನೋಡಿದ್ದನಂತೆ. "ಮಿಸ್ತ್ರಿ ಕೈ ಬಂಗಾರ ಅದ ಅಪ್ಪಾ, ಕಲೀಲಿ ಬಿಡು," ಎಂದ. ತೂತಿಗೆ ಮಾತ್ರ ಕೈ ಹಚ್ಚುವುದಿಲ್ಲ ಎಂದು ಬೀರಪ್ಪನ ಭಂಡಾರ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ಹಣೆಗೆ ಹಚ್ಚಿದ ಅರಿಸಿನವನ್ನು ಊರ ಹೊರಗೆ ಬಂದು ಒರೆಸಿಕೊಂಡೆ. ಅಂಗಿಯನ್ನು ಕಂಬಳಿಯಲ್ಲಿ ಕಟ್ಟಿ, ಹೆಗಲ ಮೇಲೆ ಹೊತ್ತು, ಮಾಳಪ್ಪನೇ ಉಮರಗಾದ ತನಕ ನಡೆದು ತಂದುಕೊಟ್ಟ.

ನನ್ನಂಥ ಕೆಲಸದವನ ಮುಂದೆ ಅಂಥ ತೂತು ಇಟ್ಟರೆ ಅವನು ಸುಮ್ಮನಿರಬೇಕು ಅನ್ನುವುದು ಕಷ್ಟದ ಮಾತು. ಎರಡು ವಾರ ಸುಮ್ಮನಿದ್ದೆ. ಆಮೇಲೆ ತಂತಿ ತೆಗೆದೆ. ಎಪ್ಪತ್ತೆರಡು ಉಂಗುರ ಹಿಡಿಯಿತು. ಹೊಸ ಕಬ್ಬಿಣದ ಹೊಳಪು ಹೋಗಲೆಂದು ಹುಣಸೆ ನೀರಿನಲ್ಲಿ ನೆನೆಸಿ, ಬೂದಿಯಲ್ಲಿ ಉಜ್ಜಿ, ಉಣ್ಣೆಯ ಜಿಡ್ಡು ಹಚ್ಚಿದೆ. ಮುಗಿಸಿದಾಗ ಹಳೆಯದು ಎಲ್ಲಿ ನಿಂತಿತು, ನನ್ನದು ಎಲ್ಲಿ ಶುರುವಾಯಿತು ಎಂದು ಯಾವ ಪಂಡಿತನೂ ಹೇಳುವಂತಿರಲಿಲ್ಲ. ಅವರ ಒಳ್ಳೆಯದಕ್ಕೆ ಮಾಡಿದೆ ಎಂದು ಬೇಕಾದರೆ ಬರೆಯಬಹುದಿತ್ತು. ನಿಜ ಅದಲ್ಲ. ಆ ಕುರುಡ ಪಾಡ್ಯದ ದಿನ ಬಂಧುಬಳಗದ ಮುಂದೆ ತೂತಿಗಾಗಿ ತಡಕಾಡುವುದನ್ನು ನೋಡಬೇಕಾಗಿತ್ತು ನನಗೆ. ಉಣ್ಣೆಯಲ್ಲಿ ಮೊದಲಿನಂತೆಯೇ ಸುತ್ತಿ ಇಟ್ಟೆ. ಒಯ್ಯಲು ಬಂದ ಮಾಳಪ್ಪ ಬಿಚ್ಚಿ ನೋಡಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ಪಾಡ್ಯದ ದಿನ ನಸುಕಿನಲ್ಲೇ ಸೈಕಲ್ ತುಳಿದುಕೊಂಡು ಹೋದೆ. ನನಗೆ ಹೊರಸು ಹಾಕಿ ಕೂಡಿಸಿದರು, ನೀಲಮ್ಮ ಚಹಾ ಕೊಟ್ಟಳು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಮಾಳಪ್ಪ ಮೈಗೆಲ್ಲ ಭಂಡಾರ ಹಚ್ಚಿಕೊಂಡು, ತಲೆ ತೂರಿಸಿ ಅಂಗಿ ತೊಟ್ಟ. ಸಲೀಸಾಗಿ ಇಳಿಯಿತು, ಅವನಿಗೆ ಸ್ವಲ್ಪ ದೊಡ್ಡದೇ. ಡೊಳ್ಳು ಬಾರಿಸಿದರು. ಮೂರು ಸುತ್ತು ಬಂದ. ಕುರಿಗಳು ಅವನು ಹೋದಲ್ಲೆಲ್ಲ ಎರಡು ಪಾಲಾಗಿ ದಾರಿ ಬಿಟ್ಟವು. ಬಂದು ತಂದೆಯ ಮುಂದೆ ಎಡಗೈ ಎತ್ತಿ ನಿಂತ.

ಜಟ್ಟೆಪ್ಪ ಕೈ ಹಾಕಿದ. ಬೆರಳುಗಳು ಮೇಲೆ ಹೋದವು, ಕೆಳಗೆ ಬಂದವು, ಬೆನ್ನ ಕಡೆಗೆ ಹೋದವು.

"ಮಾಳ್ಯಾ, ಉಲ್ಟಾ ಹಾಕ್ಕೊಂಡೀದೇನೋ?"

"ಇದೇನ ಕಂಬಳಿ ಏನಪ್ಪಾ, ಉಲ್ಟಾ ಹೊದಿಲಕ?"

ಕೂಡಿದವರು ನಕ್ಕರು. ಮುದುಕನ ಬಾಯಿ ಅಳುವ ಮಗುವಿನ ಬಾಯಿಯಂತೆ ಸೊಟ್ಟಗಾಯಿತು. ಆ ಕ್ಷಣಕ್ಕಾಗಿಯೇ ನಾನು ಅಷ್ಟು ದೂರ ಬಂದಿದ್ದೆ.

"ಹುಡುಕಬ್ಯಾಡ ಕಾಕಾ," ಎಂದೆ ಹೊರಸಿನ ಮೇಲಿಂದಲೇ. "ನಾ ಮುಚ್ಚೀನಿ."

ಡೊಳ್ಳು ನಿಂತಿತು. ಬೈಯುತ್ತಾನೆಂದು ಕಾದೆ. ಅವನು ಬೈಯಲಿಲ್ಲ. "ಪಕ್ಕಡ ತಂದೀದೇನಪಾ? ಲಗು ಬಿಚ್ಚು," ಎಂದ. ತಂತಿ ಕತ್ತರಿಸುವ ಪಕ್ಕಡ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಆದರೆ ಹಗಲಿರುಳು ಮಾಡಿದ ಕೆಲಸವನ್ನು ಒಬ್ಬ ಕುರಿ ಕಾಯುವವನ ಮಾತಿಗೆ ಕತ್ತರಿಸುವುದೇ? "ನನ್ನ ಉಂಗುರ ಯಾವು, ಹಳೀವು ಯಾವು, ಕೈಲೆ ಹುಡುಕಿ ತೋರ್ಸು," ಎಂದೆ. "ತೋರ್ಸಿದ್ರ ಈಗಿಂದೀಗ ಕತ್ತರಸ್ತೀನಿ."

ಇಬ್ಬರು ಸೇರಿ ಅಂಗಿಯನ್ನು ಹಾಗೇ ತಲೆಯ ಮೇಲಿಂದ ಜಗ್ಗಿದರು. ಬರಲಿಲ್ಲ. ನಾಲ್ವರು ಜಗ್ಗಿದರು, ಮಾಳಪ್ಪನೇ ನೆಲದಿಂದ ಮೇಲೆದ್ದ, ಅಂಗಿ ಬರಲಿಲ್ಲ. ನಾನು ಎದ್ದು ಹೋಗಿ ನೋಡಿದೆ. ಕೊರಳ ಹತ್ತಿರ ನನ್ನ ಮುಷ್ಟಿ ಹೋಗುತ್ತಿತ್ತು. ಕೆಳಗಿನ ಅಂಚಿನಲ್ಲಿ ಗೇಣು ಸಡಿಲ. ಎಲ್ಲಿಯೂ ಏನೂ ಸಿಕ್ಕಿಕೊಂಡಿರಲಿಲ್ಲ.

"ಮಿಸ್ತ್ರೀ, ಪಕ್ಕಿ ಹಿಡಿಲತ್ತದ," ಎಂದ ಮಾಳಪ್ಪ. ಇನ್ನೂ ನಗುಮುಖದಲ್ಲಿಯೇ ಇದ್ದ. ಹಣೆಯ ಮೇಲೆ ಬೆವರಿತ್ತು.

"ಸೋಂಗ ಸಾಕು ಮಾಡು," ಎಂದೆ ನಾನು.

ಅವನು ಮೊಳಕಾಲು ಊರಿ ಕೂತ. ಆಮೇಲೆ ಬಲಮಗ್ಗಲಿಗೆ ಮಲಗಿದ. ಉಸಿರು ಅರ್ಧಕ್ಕೆ ಬಂದು ತಿರುಗಿ ಹೋಗುತ್ತಿತ್ತು. ನೀಲಮ್ಮ ಸೆರಗು ಒಡ್ಡಿ, "ಅಣ್ಣಾ, ನಿಮ್ಮ ಪಾದಕ್ಕ ಬೀಳ್ತೀನ್ರೀ, ಕತ್ತರಸ್ರೀ," ಎಂದಳು. ನಾನು ಅವಳ ಕಡೆ ನೋಡಲಿಲ್ಲ, ಮುದುಕನನ್ನೇ ನೋಡುತ್ತಿದ್ದೆ. ಮುದುಕ ಮಗನ ಮೇಲೆ ಬಗ್ಗಿ ಎರಡೂ ಕೈಯಿಂದ ತಡಕುತ್ತಿದ್ದ.

"ಗೊತ್ತಾಗವಲ್ದು," ಎಂದ ಕಡೆಗೆ. "ನಿನ್ನ ಕೈ ದೊಡ್ಡದಪಾ. ಭಾಳ ದೊಡ್ಡದು. ನಾ ಸೋತೆ. ಕತ್ತರಸು."

ಮಾಳಪ್ಪ ಕಣ್ಣು ತೆರೆದು ತಂದೆಗೆ ಹೇಳಿದ, "ಅಳಬ್ಯಾಡಪ್ಪಾ. ಮಿಸ್ತ್ರಿ ತೆಗೀತಾನ."

ನನಗೆ ಆಗ ಆದದ್ದು ಸಂತೋಷ. ಬೇರೆ ಹೆಸರು ಕೊಟ್ಟರೆ ಸುಳ್ಳಾಗುತ್ತದೆ. ಅಷ್ಟು ಮಂದಿಯ ಮುಂದೆ ಒಪ್ಪಿಕೊಂಡನಲ್ಲ ಎಂದು ಸಾವಕಾಶವಾಗಿ ಚೀಲ ಬಿಚ್ಚಿ, ಪಕ್ಕಡ ತೆಗೆದು, ಮಾಳಪ್ಪನ ಎಡಗೈ ಎತ್ತಿಸಿ ನೋಡಿದೆ. ನನ್ನ ಉಂಗುರಗಳು ಇರಲಿಲ್ಲ.

ಬೆರಳಾಡಿಸಿದೆ. ಗೆರೆಯಿರುವ ಒಂದು ರಿವೀಟೂ ಸಿಗಲಿಲ್ಲ. ಅಂಗೈಯಗಲದ ಜಾಗ ನನಗೆ ಬಾಯಿಪಾಠವಿತ್ತು, ಯಾವ ಸಾಲಿನಿಂದ ಯಾವ ಸಾಲಿನ ತನಕ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅಲ್ಲಿ ಇದ್ದದ್ದೆಲ್ಲ ಹಳೆಯ ಉಂಗುರಗಳು, ತೊಟ್ಟು ತೊಟ್ಟು ಸವೆದು ತೆಳ್ಳಗಾದವು. ತೂತೂ ಇರಲಿಲ್ಲ. ಎಂದೂ ತೂತು ಬಿದ್ದಿರದ ಅಂಗಿಯಂತೆ ಇತ್ತು. ಬಲಪಕ್ಕೆ ನೋಡಿದೆ, ಬೆನ್ನು ನೋಡಿದೆ. "ಏನ ನೋಡ್ತೀಯೋ, ಕತ್ತರಸೋ!" ಎಂದು ಯಾರೋ ನನ್ನ ಬೆನ್ನಿಗೆ ಒದ್ದರು. ಮೊದಲಿನ ಜಾಗವೆಂದು ತೋಚಿದಲ್ಲಿ ಪಕ್ಕಡ ಹಾಕಿದೆ. ಒಂಬತ್ತು ಉಂಗುರ ಕತ್ತರಿಸಿದಮೇಲೆ ಎರಡು ಬೆರಳು ಹೋಗುವಷ್ಟು ಸಂದಿಯಾಯಿತು. ಮುದುಕ ನನ್ನನ್ನು ಆಚೆ ತಳ್ಳಿ ಬೆರಳು ತೂರಿಸಿ ಕರೆಯತೊಡಗಿದ. ಮುತ್ಯಾ ಹೊರಗ ಬಾ, ನಮ್ಮ ಕೂಸಿನ ಬಿಡು, ಎಂದು ಎಷ್ಟು ಸಲ ಕರೆದನೋ. ಅವನ ಬೆರಳು ಒಳಗಿರುವಾಗಲೇ ಮಾಳಪ್ಪನ ಉಸಿರು ನಿಂತಿತು.

ಹೆಣವನ್ನು ಕೂಡಿಸಲೆಂದು ಹೆಗಲು ಹಿಡಿದು ಎತ್ತಿದರು. ಅಂಗಿ ತಾನೇ ತಲೆಯ ಮೇಲಿಂದ ಸರಿದು ನೆಲಕ್ಕೆ ಬಿತ್ತು. ಯಾರೂ ಜಗ್ಗಿರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ನಾನು ಅಂಗಿಯನ್ನು ಮೊಳಕಾಲ ಮೇಲೆ ಹರವಿಕೊಂಡು ಸಾಲು ಸಾಲಾಗಿ ನನ್ನ ಗೆರೆ ಹುಡುಕುತ್ತಿದ್ದೆ. "ಹೆಣದ ಮುಂದ ಕುಂತು ಏನ ಹುಡುಕ್ತೀಯೋ, ಹೇನಾ?" ಎಂದು ಒಬ್ಬ ಮುದುಕಿ ಮುಖದ ಮೇಲೆ ಉಗುಳಿದಳು. ಒರೆಸಿಕೊಂಡು ಮತ್ತೆ ಹುಡುಕಿದೆ. ಕೊರಳಿನಿಂದ ಅಂಚಿನ ತನಕ ಒಂದೂ ಬಿಡಲಿಲ್ಲ. ಕತ್ತರಿಸಿ ಬಿದ್ದ ಒಂಬತ್ತನ್ನೂ ಆರಿಸಿ ನೋಡಿದೆ. ಎಲ್ಲ ಹಳೆಯವು. ಕಡೆಗೆ ನಾಲ್ಕು ಮಂದಿ ಸೇರಿ ನನ್ನನ್ನು ಊರ ಹೊರಗೆ ತಳ್ಳಿದರು.

ಕಾಸಾರಶಿರಸಿಯಿಂದ ಬಂದ ಡಾಕ್ಟರು ಎದೆ ನಿಂತು ಸತ್ತಿದ್ದಾನೆ ಎಂದರಂತೆ. ಇರಬಹುದು. ಗಟ್ಟಿ ಆಳುಗಳೂ ಹಾಗೆ ಹೋಗುವುದುಂಟು. ಅಂಗಿ ಬದಲಾಗಿತ್ತೇ? ಅಂಥ ಇನ್ನೊಂದು ಆ ಸೀಮೆಯಲ್ಲಿ ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನನ್ನ ಕಣ್ಣು ಮೋಸ ಮಾಡಿತು ಅನ್ನೋಣ, ಬೆರಳು? ಉಮರಗಾಕ್ಕೆ ಬಂದು ಅಂಗಡಿ ನೋಡಿದೆ. ಎಪ್ಪತ್ತೆರಡು ಉಂಗುರಕ್ಕೆ ಖರ್ಚಾದ ತಂತಿ ಖರ್ಚಾಗಿಯೇ ಇತ್ತು. ಕತ್ತರಿಸಿದ ತುಂಡುಗಳು ಕಟ್ಟೆಯ ಕೆಳಗೆ ಬಿದ್ದಿದ್ದವು.

ಮರುವರ್ಷ ದಸರೆ ಆದಮೇಲೆ ಜಟ್ಟೆಪ್ಪ ನನ್ನ ಅಂಗಡಿಗೆ ಬಂದ. ನೀಲಮ್ಮ ಅವನ ಕೋಲಿನ ತುದಿ ಹಿಡಿದಿದ್ದಳು. ಹೊಡೆಯಲು ಬಂದಿದ್ದಾನೆ ಎಂದು ನಾನು ಎದ್ದು ನಿಂತೆ. ಅವನು ಕೂತುಕೊಂಡು ನೀರು ಕೇಳಿ ಕುಡಿದ.

"ಮನ್ಯಾಗ ಬ್ಯಾರೆ ಗಂಡಸಿಲ್ಲ, ಮಿಸ್ತ್ರೀ. ಈ ಸಲ ನಾನಾ ಹಾಕ್ಕೋತೀನಿ. ಕೈ ಹಾಕಿ ಕರೀಲಕ ನೀ ಬರಬೇಕು."

"ನಾ ಯಾಕ ಕಾಕಾ?"

"ಮುಚ್ಚಿದ ಕೈ ನಿಂದು. ಬ್ಯಾರೆಯವ್ರು ಹ್ಯಾಂಗ ಕರೀತಾರ?"

ಬರುತ್ತೇನೆ ಎಂದೆ. ಅವನು ನನ್ನ ಕೈ ಹಿಡಿದು ನೋಡಿ, ಒಂದೊಂದು ಬೆರಳನ್ನೂ ಒತ್ತಿ ನೋಡಿ ಬಿಟ್ಟ. ಪಾಡ್ಯದ ದಿನ ನಾನು ಮುರುಮಿನಲ್ಲಿದ್ದೆ. ಒಂದು ಗಾಣದ ಹಲ್ಲು ಮುರಿದಿತ್ತು. ಅದು ಎರಡು ದಿನ ತಡೆಯುವ ಕೆಲಸವೇ ಆಗಿತ್ತು.

ಕೆಲವು ತಿಂಗಳಾದಮೇಲೆ ಕಾಸಾರಶಿರಸಿಯ ಸಂತೆಯಲ್ಲಿ ನೀಲಮ್ಮ ಎದುರಾದಳು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮಾವ ಹೇಗಿದ್ದಾರೆ ಎಂದು ಕೇಳಿದೆ.

"ಅದಾರ್ರೀ," ಎಂದಳು. "ಪಾಡ್ಯದಿನ ಮುಂಜಾನಿ ಅಂಗಿ ಹಾಕ್ಕೊಂಡು ಮೂರು ಸುತ್ತ ಬಂದ್ರು. ನಿಮ್ಮ ಸೈಕಲ್ ಸಪ್ಪಳ ಕೇಳ್ತದೇನ ಅಂತ ಎಡಗೈ ಎತ್ತಿ ಕಲ್ಲಮ್ಯಾಲ ಕುಂತ್ರು. ಕೈ ನೋಯ್ತಿತ್ತು, ಇಳ್ಸಲಿಲ್ಲ. ಹೊತ್ತು ಇಳೀತು, ನೀವು ಬರಲಿಲ್ಲ. ಆಮ್ಯಾಗ ಅಂಗೀಗಿ ಬೈಲಕ ಹತ್ತಿದ್ರು. ಕೂಸಿನ ಒಯ್ದಿ, ನನ್ನ ಯಾಕ ಒಯ್ಯವಲ್ಲಿ ಅಂತ. ಅಳಕೋತ ತಲಿ ತಗ್ಗಿಸಿದ್ರು ನೋಡ್ರೀ, ಅದು ತಾನಾ ಜಾರಿ ಮುಂದ ಬಿತ್ತು. 'ನನ್ನ ಒಲ್ಲಂದ' ಅಂತ ಅಂದ್ರು. ಅವತ್ತಿನಿಂದ ಯಾರ ಕೂಡಾನೂ ಮಾತಿಲ್ಲ."

ಆಕೆ ಮೆಣಸಿನಕಾಯಿ ಆರಿಸುತ್ತಲೇ ಇದೆಲ್ಲ ಹೇಳಿದಳು. ನೀವು ಯಾಕೆ ಬರಲಿಲ್ಲ ಎಂದು ಕೇಳಲೂ ಇಲ್ಲ.

ಕೈ ಹಾಕುವವರಿಲ್ಲದೆ, ಕರೆಯುವವರಿಲ್ಲದೆ ಮುದುಕನ ಮೈಯಿಂದ ಜಾರಿ ಬಿದ್ದ ಅಂಗಿ, ನಾಲ್ವರು ಜಗ್ಗಿದರೂ ಮಾಳಪ್ಪನನ್ನು ಯಾಕೆ ಬಿಡಲಿಲ್ಲ? ಅವರ ನಂಬಿಕೆ ಹಿಡಿದು ಯೋಚಿಸಿದರೂ ಹೊಂದುವುದಿಲ್ಲ, ನನ್ನ ಕಬ್ಬಿಣದ ಲೆಕ್ಕ ಹಿಡಿದರೂ ಹೊಂದುವುದಿಲ್ಲ. ಗಾಣದ ನೆಪ ಹೇಳಿ ನಾನು ತಪ್ಪಿಸಿಕೊಂಡದ್ದು ಜನಕ್ಕೆ ಹೆದರಿಯಲ್ಲ. ಅವತ್ತು ಹೋಗಿ ಮುದುಕನ ಅಂಗಿಯೊಳಗೆ ಬೆರಳು ಹಾಕಿದ್ದರೆ ಅಲ್ಲಿ ಯಾರ ಪಕ್ಕೆ ನನ್ನ ಕೈಗೆ ಸಿಗುತ್ತಿತ್ತೋ, ಅದು ನನಗೆ ಇವತ್ತಿಗೂ ತಿಳಿಯದು.